ನಲವತ್ತೆರಡನೇ ದಿನದವರೆಗೆ ಆರಿಸಬೇಡಿ

ನೋಡಿ, ಮೊದಲೇ ಹೇಳಿಬಿಡ್ತೀನಿ. ಲವ್ ಸ್ಟೋರಿ ಬರೆಯೋರು ಸಾವಿರ ಜನ ಇರಬಹುದು. ಆದ್ರೆ ಲವ್ ಸ್ಟೋರಿನ ಕೈಯಾರೆ ತಯಾರು ಮಾಡಿ, ಆಮೇಲೆ ಕೂತ್ಕೊಂಡು ಬರೆಯೋರು ಒಬ್ಬರೇ. ಅದು ನಾನು.

ಈ ಕಥೆಯ ಹೀರೋ, ಹೀರೋಯಿನ್ ಇಬ್ಬರನ್ನೂ ಸೇರಿಸಿದ್ದು ನನ್ನ ಮಾಸ್ಟರ್ ಪ್ಲ್ಯಾನ್. ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಎಲ್ಲಾ ನಂದೇ. ಅವರಿಬ್ಬರದು ಬರೀ ಆಕ್ಟಿಂಗು. ಅವಳ ಮನಸ್ಸಲ್ಲಿ ಏನಿತ್ತು ಅಂತ ನಿನಗೆ ಹೇಗೆ ಗೊತ್ತು, ನೀನು ಯಾರು ಅಂತ ಈಗಲೇ ಕೇಳ್ಬೇಡಿ. ಕ್ಲೈಮ್ಯಾಕ್ಸ್‌ಗೆ ಮುಂಚೆ ಕಾರ್ಡ್ ತೋರಿಸೋ ಅಭ್ಯಾಸ ನನಗಿಲ್ಲ.

ಸೀದಾ ಎಂಟ್ರಿ ಸೀನ್‌ಗೆ ಹೋಗೋಣ.

ಬೆಳಗ್ಗೆ ಹನ್ನೊಂದು ಗಂಟೆ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ. ಗೋಡೆ ತುಂಬಾ ಬೆಂಕಿಪೊಟ್ಟಣದಷ್ಟು ಚಿಕ್ಕ ಚಿಕ್ಕ ಡ್ರಾಯರ್‌ಗಳು, ಬೆಸುಗೆ ಹಾಕಿದ ಹೊಗೆ ವಾಸನೆ, ಕೌಂಟರ್ ಮುಂದೆ ಆರು ಜನರ ಸಾಲು. ಕೌಂಟರ್ ಹಿಂದೆ ಒಬ್ಬ. ಒಂದು ಕಣ್ಣಿಗೆ ವಾಚ್ ರಿಪೇರಿಯವರ ಥರ ಭೂತಗನ್ನಡಿ ಸಿಕ್ಕಿಸ್ಕೊಂಡು, ತಲೆ ಎತ್ತದೆ ಕೆಲಸ ಮಾಡ್ತಿದ್ದ.

ಅವಳ ಸರದಿ ಬಂತು.

ಅವಳನ್ನ ಆ ಬೀದಿಯಲ್ಲಿ ಎಲ್ಲರೂ ಕರೆಯೋದು ಕಾವಕ್ಕ ಅಂತ. ಅವರ ಮನೇದು ಹ್ಯಾಚರಿ. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡೋ ಕೆಲಸ. ಮೊಟ್ಟೆ ಇಟ್ಟ ಪೆಟ್ಟಿಗೆ ಬೆಚ್ಚಗಿಡೋದು ಅವಳ ಕಸುಬು, ತಾನೂ ಬೆಚ್ಚಗೇ ಇರೋದು ಅವಳ ಸ್ವಭಾವ. ಬೆಚ್ಚಗೆ ಅಂದ್ರೆ ಅರ್ಥ ಆಯ್ತಲ್ಲ, ಸ್ವಲ್ಪ ಜಾಸ್ತಿ ಆದ್ರೆ ಸುಡುತ್ತೆ.

"ರೀ, ನನ್ನ ಹತ್ರ ಒಂದು ಬೋರ್ಡಿದೆ. ಅದಕ್ಕೊಂದು ಹೀಟರ್ ಜೋಡಿಸ್ಬೇಕು. ಹೇಗೆ?"

"ಯಾವುದು?" ಅಂದ ಅವನು, ತಲೆ ಎತ್ತದೆ.

"ಹೀಟರಾ?"

"ಬೋರ್ಡು."

"ಅದೇ... ಮೈಕ್ರೋಕಂಟ್ರೋಲರ್ ಅಂತಾರಲ್ಲ. ನೀಲಿದು."

ಹಿಂದೆ ನಿಂತಿದ್ದೋರು ಯಾರೋ ಕಿಸಕ್ ಅಂದ್ರು.

"ಯಾವ ನೀಲಿದು?"

"ಚಿಕ್ಕ ನೀಲಿದು."

ಅವನು ಭೂತಗನ್ನಡಿ ತೆಗೆದ. ಒಂದು ಡ್ರಾಯರ್ ಎಳೆದು ಅವಳ ಮುಂದೆ ಬೋರಲು ಹಾಕಿದ. ಹದಿನಾಲ್ಕು ಬೋರ್ಡು. ಹದಿನಾಲ್ಕೂ ನೀಲಿ. ಹದಿನಾಲ್ಕೂ ಹೆಬ್ಬೆರಳಷ್ಟೇ ಉದ್ದ.

"ಇದ್ರಲ್ಲಿ ನಿಮ್ಮದು ಯಾವುದು?"

ಕಾವಕ್ಕ ದಂಗಾದಳು. 'ಅಯ್ಯೋ ದೇವರೇ, ಇದೇನಿದು, ಒಂದೇ ಮುಖದ ಹದಿನಾಲ್ಕು ಮಕ್ಕಳು...'

"ಎಲ್ಲಾ ಒಂದೇ ಅಲ್ವಾ?"

"ನೋಡೋಕೆ ಒಂದೇ. ಇದು ಐದು ವೋಲ್ಟ್ ಕುಡಿಯುತ್ತೆ. ಇದು ಮೂರು ಚಿಲ್ಲರೆ. ಇದರ ಎದೆ ಸೆಕೆಂಡಿಗೆ ಒಂದು ಕೋಟಿ ಅರವತ್ತು ಲಕ್ಷ ಸಲ ಬಡಿಯುತ್ತೆ, ನಾವು ಹದಿನಾರು ಅಂತೀವಿ. ಇದರದು ಅದರ ಅರ್ಧ, ಎಂಟು. ಈ ಬಡಿತ ಎಣಿಸ್ಕೊಂಡೇ ಅದು ಟೈಮ್ ನೋಡೋದು. ಯಾವುದು ಅಂತ ಗೊತ್ತಿಲ್ದೆ ನಾನು ಏನಾದ್ರೂ ಹೇಳಿದ್ರೆ ಅದು ಉತ್ತರ ಅಲ್ಲ ಮೇಡಂ, ಕಣಿ ಹೇಳಿದಂಗೆ."

ಸಾಲಲ್ಲಿದ್ದ ಐದೂ ಜನ ನಕ್ಕರು. ಅವನು ಮಾತ್ರ ನಗಲಿಲ್ಲ. ಒಂದು ಚೀಟಿ ಮುಂದೆ ತಳ್ಳಿದ. ಅಚ್ಚು ಹಾಕಿಸಿದ ಐದು ಸಾಲು.

ಯಾವುದು, ಪೂರ್ತಿ ಹೆಸರು. ಎಷ್ಟು ವೋಲ್ಟ್, ಎಷ್ಟು ವೇಗ. ಏನಾಗಬೇಕು. ಏನಾಗ್ತಿದೆ. ಏನೇನು ಮಾಡಿ ನೋಡಿದ್ರಿ.

"ತುಂಬ್ಕೊಂಡು ಬನ್ನಿ."

"ಅಂಗಡಿಗೆ ಬಂದೋರಿಗೆ ಪರೀಕ್ಷೆ ಬರೆಸ್ತೀರಾ?"

"ಹೌದು. ನೋಡ್ಕೊಂಡು ಬರೀಬಹುದು, ಪರವಾಗಿಲ್ಲ."

ಅವಳ ಕಿವಿ ಕೆಂಪಾಯ್ತು. ಚೀಟಿ ಕಿತ್ಕೊಂಡು ಹೊರಗೆ ಬಂದಳು. ಬೀದಿಯಲ್ಲಿ ಅವನನ್ನ 'ಯಾವುದಣ್ಣ' ಅಂತ ಯಾಕೆ ಕರೀತಾರೆ ಅಂತ ಅವತ್ತು ಅರ್ಥ ಆಯ್ತು.

'ಇನ್ನೊಂದು ಸಲ ಈ ಮೆಟ್ಟಿಲು ಹತ್ತಿದ್ರೆ ಕೇಳು...' ಅಂದ್ಕೊಂಡಳು.

ಮಾರನೇ ದಿನವೇ ಹತ್ತಬೇಕಾಯ್ತು. ಯಾಕೆ ಅಂದ್ರೆ ಮನೇಲಿ ಒಬ್ಬ ಅಪ್ಪ ಇದ್ದರು.

ಮೂವತ್ತು ವರ್ಷ ಆ ಅಪ್ಪ ಅಲಾರಾಂ ಇಟ್ಕೊಂಡು, ಎರಡೆರಡು ಗಂಟೆಗೊಮ್ಮೆ ಎದ್ದು, ಮೊಟ್ಟೆ ತಟ್ಟೆ ಕೈಯಲ್ಲೇ ಓರೆ ಮಾಡಿದವರು. ಈಗ ಕೈ ನಡುಗುತ್ತೆ. ಮಗಳು "ಹ್ಯಾಚರಿ ನಾನು ನಡೆಸ್ತೀನಿ, ಮೆಷಿನ್ ಹಾಕ್ತೀನಿ" ಅಂದಾಗ ಸೊಂಟದಲ್ಲಿದ್ದ ಬೀಗದ ಕೈ ಮುಟ್ಕೊಂಡು ಹೇಳಿದ್ರು:

"ಎರಡು ಸುತ್ತು ಬಿಡ್ತೀನಿ ಮಗಳೇ. ಸುತ್ತಿಗೆ ಅರವತ್ತು ಮೊಟ್ಟೆ, ಇಪ್ಪತ್ತೊಂದು ದಿನ. ಎರಡೂ ಸೇರಿ ತೊಂಬತ್ತು ಮರಿ ಬಂದ್ರೆ ಬೀಗದ ಕೈ ನಿಂದು. ಒಂದು ಮರಿ ಕಮ್ಮಿ ಆದ್ರೂ ಪೆಟ್ಟಿಗೆ ಗುಜರಿಗೆ."

"ಒಂದಾ? ಒಂದು ಕಮ್ಮಿ ಆದ್ರೂನಾ?"

"ಒಂದು."

ಅಪ್ಪನ ಮಾತು ಅಂದ್ರೆ ಮಾತು. ಅವಳಿಗೆ ಆ ಪೆಟ್ಟಿಗೆ ಬರೀ ಪೆಟ್ಟಿಗೆ ಅಲ್ಲ. ಅಮ್ಮ ಹೋದ ಮೇಲೆ ಆ ಮನೇಲಿ ಬೆಚ್ಚಗಿದ್ದ ಜಾಗ ಅದೊಂದೇ. ಚಿಕ್ಕೋಳಿದ್ದಾಗ ಅದಕ್ಕೆ ಒರಗಿಕೊಂಡೇ ಹೋಮ್‌ವರ್ಕ್ ಮಾಡ್ತಿದ್ದಳು.

ಹಾಗಾಗಿ ಅವತ್ತು ಮಧ್ಯಾಹ್ನ ಅಪ್ಪನ ಭೂತಗನ್ನಡಿ ಹಿಡ್ಕೊಂಡು ಕೂತಳು. ಪಕ್ಕದಲ್ಲಿ ಪಕ್ಕದ್ಮನೆ ಬ್ಯೂಟಿ ಪಾರ್ಲರ್ ಹುಡುಗಿ. ಅವಳನ್ನ ಎಲ್ಲರೂ ಪಾರ್ಲರ್ ಅಂತಲೇ ಕರೆಯೋದು. ಲಕ್ಷಣವಾದ ಹುಡುಗಿ, ಬುದ್ಧಿವಂತೆ, ಒಳ್ಳೇ ಮನಸ್ಸು. ಇದನ್ನ ನಾನು ಯಾವ ಪಕ್ಷಪಾತ ಇಲ್ಲದೆ ಹೇಳ್ತಿದ್ದೀನಿ.

"ಅಕ್ಕಾ, ಅವನು ಹೇಳಿದ್ದು ಸರಿನೇ," ಅಂದಳು ಪಾರ್ಲರ್. "ನನ್ನ ಹತ್ರ ಬಂದು 'ಕೆಂಪು ನೇಲ್ ಪಾಲಿಶ್ ಕೊಡು' ಅಂದ್ರೆ ನಾನೂ ಬಯ್ತೀನಿ. ಯಾವ ಕೆಂಪು? ಹನ್ನೊಂದು ಕೆಂಪಿದೆ."

"ನೀನು ಯಾರ ಪಾರ್ಟಿ?"

"ನಿನ್ನ ಪಾರ್ಟಿನೇ ಅಕ್ಕ. ಬರಿ, ಬರಿ."

ಬೋರ್ಡಿನ ಎದೆಬಡಿತ ಇರೋದು ಅದರ ಮೇಲಿರೋ ಒಂದು ಬೆಳ್ಳಿ ಗುಳಿಗೆಯಲ್ಲಿ. ಅದರ ಮೇಲೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರ. ಹದಿನಾರು. ಮೂರು ಸಲ ಓದಿ ಮೂರು ಸಲಾನೂ ಹದಿನಾರು ಅಂತ ಗ್ಯಾರಂಟಿ ಆದ ಮೇಲೆ ಬರೆದಳು.

ಮಾರನೇ ದಿನ ಅಂಗಡಿಯಲ್ಲಿ ಅವನು ಚೀಟಿ ಓದಿದ.

ಹೆಸರು, ಬೆನ್ನ ಮೇಲೆ ಅಚ್ಚಾಗಿದ್ದು ಅಚ್ಚಾಗಿದ್ದಂಗೇ. ಐದು ವೋಲ್ಟ್. ವೇಗ ಹದಿನಾರು. ಏನಾಗಬೇಕು: ಪೆಟ್ಟಿಗೆ ಮೂವತ್ತೇಳೂವರೆ ಡಿಗ್ರಿ ಇರಬೇಕು, ಎರಡು ಗಂಟೆಗೊಮ್ಮೆ ಮೋಟರ್ ತಿರುಗಿ ಮೊಟ್ಟೆ ತಟ್ಟೆ ಓರೆಯಾಗ್ಬೇಕು. ಏನಾಗ್ತಿದೆ: ಅವಮಾನ. ಏನೇನು ಮಾಡಿ ನೋಡಿದ್ರಿ: ಮರ್ಯಾದೆಯಿಂದ ಕೇಳಿ ನೋಡಿದೆ.

ಚೀಟಿ ಅಷ್ಟಕ್ಕೇ ಮುಗಿದಿತ್ತು. ಅವಳು ಕೆಳಗೆ ತಾನೇ ಗೆರೆ ಎಳೆದು ಇನ್ನೆರಡು ಸಾಲು ಸೇರಿಸಿದ್ದಳು.

ಉದ್ದ: ನನ್ನ ಹೆಬ್ಬೆರಳಷ್ಟು. ಕೋಪ: ನಿಮ್ಮಷ್ಟೇ.

ಅವನು ಎರಡು ಸಲ ಓದಿದ. ಆಮೇಲೆ... ನಕ್ಕ.

ಕೆಪಾಸಿಟರ್ ಎಣಿಸ್ತಿದ್ದ ರೇಡಿಯೋ ರಿಪೇರಿ ಮುದುಕಪ್ಪ ಲೆಕ್ಕ ತಪ್ಪಿದ್ರು. "ಏನೋ ಇದು, ಏಳು ವರ್ಷದಿಂದ ಬರ್ತಿದ್ದೀನಿ, ನಿನಗೆ ಹಲ್ಲಿದೆ ಅಂತಲೇ ಗೊತ್ತಿರಲಿಲ್ಲ," ಅಂದ್ರು.

"ಇಷ್ಟು ಸರಿಯಾಗಿ ಯಾರೂ ಪ್ರಶ್ನೆ ಕೇಳಿಲ್ಲ," ಅಂದ ಅವನು, ಅವಳ ಮುಖ ನೋಡಿ. "ಪ್ರೋಗ್ರಾಂ ನಾನು ಬರೀತೀನಿ. ಭಾನುವಾರ ಬಂದು ನಾನೇ ಹಾಕಿಕೊಡ್ತೀನಿ."

ಮೆಟ್ಟಿಲು ಇಳೀವಾಗ ಅವಳಿಗೆ ಒಂದು ವಿಷಯ ಗೊತ್ತಾಯ್ತು. ಅವನಿಗೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತೆ. 'ಛೀ, ಅದನ್ನ ಯಾಕೆ ನೋಡಿದೆ ನಾನು...'

ಭಾನುವಾರ ಬಂತು. ಲ್ಯಾಪ್‌ಟಾಪ್, ವೈರು, ಸ್ಕ್ರೂಡ್ರೈವರ್ ಸಮೇತ ಅವನೂ ಬಂದ. ಪೆಟ್ಟಿಗೆ ಮುಂದೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತು ಕೇಳಿದ, "ಮೊಟ್ಟೆಗೆ ಎಷ್ಟು ದಿನ ಹಾಕ್ಲಿ?"

ಕಾವಕ್ಕ ಇದಕ್ಕೇ ಕಾದಿದ್ದಳು.

"ಯಾವುದು?"

"ಅಂದ್ರೆ?"

"ಕೋಳಿದಾ, ಬಾತುಕೋಳಿದಾ, ಗೌಜಲಹಕ್ಕಿದಾ? ಕೋಳಿಗೆ ಇಪ್ಪತ್ತೊಂದು, ಬಾತುಗೆ ಇಪ್ಪತ್ತೆಂಟು, ಗೌಜಲಕ್ಕೆ ಹದಿನೇಳು. ಬರೀ ಮೊಟ್ಟೆ ಅಂದ್ರೆ ನಾನು ಏನಂತ ಹೇಳ್ಲಿ? ಕಣಿ ಹೇಳ್ಲಾ?"

ಮೂಲೇಲಿ ಕೂತಿದ್ದ ಅಪ್ಪ ಕೆಮ್ಮಿದ ಹಾಗೆ ಮಾಡಿ ನಕ್ಕರು.

ಅವನು ಎರಡೂ ಕೈ ಮೇಲೆತ್ತಿ ಶರಣಾದ. "ಕೋಳಿದು ಮೇಡಂ. ಪೂರ್ತಿ ಹೆಸರು ಕೋಳಿ ಮೊಟ್ಟೆ."

"ಹಾಂ, ಈಗ ಸರಿ."

ಎರಡು ಗಂಟೆ ಕೆಲಸ. ಅವನು ನಾಲ್ಕು ಗಂಟೆ ಮಾಡಿದ. ವೈರ್ ಕೊಡಿ ಅಂತ ಕೈ ಚಾಚ್ತಿದ್ದ, ಕೊಟ್ಟ ಮೇಲೆ ಯಾಕೆ ಕೇಳಿದ್ದು ಅಂತ ಮರೀತಿದ್ದ. ಅವಳು ಒಂದೊಂದೇ ಮೊಟ್ಟೆ ಒರೆಸಿ ತಟ್ಟೆಗೆ ಇಡೋದನ್ನ ನೋಡ್ತಿದ್ದ. ಬೋರ್ಡನ್ನ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ, ಮುಚ್ಚಳಕ್ಕೆ ಒಂದು ಪುಟ್ಟ ಸ್ಕ್ರೀನ್ ಹಚ್ಚಿ, ನಾಲ್ಕು ಸ್ಕ್ರೂ ಬಿಗಿದ. ಸ್ಕ್ರೀನಲ್ಲಿ ಎರಡು ಸಾಲು. ಮೇಲೆ ಡಿಗ್ರಿ, ಕೆಳಗೆ ದಿನ ಸೊನ್ನೆ.

ಬಾಗಿಲ ಹತ್ರ ಪಾರ್ಲರ್ ನಿಂತಿದ್ದಳು. ಯಾವತ್ತೂ ಬಾಯಿ ಮುಚ್ಚದೋಳು ಅವತ್ತು ಒಂದು ಮಾತಾಡದೆ ಉಗುರು ಕಚ್ತಿದ್ದಳು. ಯಾರೂ ಗಮನಿಸಲಿಲ್ಲ. ನೀವು ಗಮನಿಸಿ.

ಮೂರನೇ ದಿನ ಬೆಳಗ್ಗೆ ಅಪ್ಪ ಕರೆದ್ರು.

"ಮಗಳೇ, ಇಲ್ಲಿ ಬಾ."

ಗೋಡೆ ಮೇಲೆ ಪೆನ್ಸಿಲ್ ಗೀಟು. ಮೋಟರ್ ತಿರುಗಿದಾಗಲೆಲ್ಲ ಒಂದೊಂದು ಗೀಟು ಎಳೆದಿದ್ದರು. ಮೂವತ್ತು ವರ್ಷದ ಚಾಳಿ, ಬಿಟ್ಟೀತಾ?

"ದಿನಕ್ಕೆ ಹನ್ನೆರಡು ಸಲ ತಿರುಗ್ಬೇಕಲ್ವಾ? ಎಣಿಸು."

ಎಣಿಸಿದಳು. ಆರು. ಅದರ ಹಿಂದಿನ ದಿನ ಎಣಿಸಿದಳು. ಆರು.

ಸ್ಕ್ರೀನ್ ನೋಡಿದಳು. ಮೂರನೇ ದಿನ, ಅದು 'ದಿನ 1' ಅಂತಿತ್ತು.

ಅರವತ್ತು ಮೊಟ್ಟೆ... ಮೂರು ದಿನ... ಒಂದೇ ಮಗ್ಗುಲಲ್ಲಿ ನಾಲ್ಕು ನಾಲ್ಕು ಗಂಟೆ... ಜಾಸ್ತಿ ಹೊತ್ತು ಅಲ್ಲಾಡದೆ ಇದ್ರೆ ಒಳಗಿರೋ ಜೀವ ಚಿಪ್ಪಿಗೆ ಅಂಟಿಕೊಳ್ಳುತ್ತೆ. ಅದು ಅವಳಿಗೆ ಅ ಆ ಇ ಈ ಕಲಿಯೋಕೆ ಮುಂಚೆ ಗೊತ್ತಿದ್ದ ಪಾಠ.

ಚಪ್ಪಲಿ ಹಾಕ್ಕೊಳ್ಳೋದನ್ನೂ ಮರೆತು ಅಂಗಡಿಗೆ ಓಡಿದಳು.

"ನಿಮ್ಮನ್ನ ನಂಬಿದ್ನಲ್ಲ, ನನಗೆ ಬುದ್ಧಿ ಇಲ್ಲ," ಅಂದಳು, ಸಾಲಲ್ಲಿದ್ದ ಎಲ್ಲರ ಮುಂದೆ. "ನಿಮ್ಮ ಮೆಷಿನ್ ಅರ್ಧ ಸಲಾನೇ ತಿರುಗ್ತಿದೆ. ಮೂರು ದಿನ ಅದಕ್ಕೆ ಒಂದೂವರೆ ದಿನ ಆಗಿದೆ."

ಅವನು ಕೈಲಿದ್ದ ಬೆಸುಗೆ ಕಡ್ಡಿ ಕೆಳಗಿಟ್ಟ.

"ಸರಿಯಾಗಿ ಅರ್ಧನಾ?"

"ಸರಿಯಾಗಿ."

"ಹಾಗಿದ್ರೆ ಆ ಬೋರ್ಡು ಹದಿನಾರು ಅಲ್ಲ. ಎಂಟು." ಡ್ರಾಯರಿಂದ ಅವಳ ಚೀಟಿ ತೆಗೆದ. ಅದು ಅವನ ಪೆನ್ನು, ಕನ್ನಡಕ ಇಡೋ ಡ್ರಾಯರಲ್ಲಿತ್ತು. "ನೀವು ಹದಿನಾರು ಅಂತ ಬರ್ದಿದ್ದೀರಿ. ನಾನು ಹದಿನಾರಕ್ಕೆ ಪ್ರೋಗ್ರಾಂ ಹಾಕ್ದೆ. ಎಂಟರ ಬೋರ್ಡಿಗೆ ಹದಿನಾರರ ಲೆಕ್ಕ ಕೊಟ್ರೆ ಅದಕ್ಕೆ ಒಂದು ಗಂಟೆ ಕಳೆಯೋಕೆ ಎರಡು ಗಂಟೆ ಬೇಕು."

"ನಾನು ಮೂರು ಸಲ ಓದಿದೆ."

"ತಪ್ಪು ಓದಿದ್ದೀರಿ."

ಈ ಒಂದು ಮಾತು ಅವನು ಆಡಬಾರದಿತ್ತು. ಹಿನ್ನೆಲೆ ಸಂಗೀತ ಇದ್ದಿದ್ರೆ ಇಲ್ಲಿ ಪಿಟೀಲಿನ ತಂತಿ ಹರೀತಿತ್ತು.

"ಹೌದು ರೀ. ನೀಲಿದು, ಚಿಕ್ಕದು ಅನ್ನೋಳು ನಾನು. ನನಗೆ ಓದೋಕೆ ಎಲ್ಲಿ ಬರುತ್ತೆ," ಅಂದಳು.

"ಅದಲ್ಲ ನಾನು... ಬಿಡಿ, ನಾನೇ ಬರ್ತೀನಿ. ಒಂದೇ ಸಾಲು ಬದಲಾಯಿಸಿದ್ರೆ ಸರಿ ಹೋಗುತ್ತೆ. ಐದು ನಿಮಿಷ."

"ಬೇಡ. ನನ್ನ ಮನೆ ಬಾಗಿಲಿಗೆ ಬರಬೇಡಿ. ನನಗೆ ಎರಡು ಕೈ ಇದೆ."

ಅವಳು ತಿರುಗಿ ಹೊರಟಾಗ ಹಿಂದಿನಿಂದ ಅವನು ಏನೋ ಲೆಕ್ಕ ಹಾಕಿದವನಂಗೆ ನಿಧಾನಕ್ಕೆ ಹೇಳಿದ:

"ಒಂದೇ ಒಂದು ಕೇಳ್ತೀನಿ. ನಲವತ್ತೆರಡನೇ ದಿನದವರೆಗೆ ಅದನ್ನ ಆರಿಸಬೇಡಿ."

"ಯಾಕೆ?"

"...ಸುಮ್ಮನೆ."

'ಇಪ್ಪತ್ತೊಂದು ದಿನದ ಕೆಲಸಕ್ಕೆ ನಿನಗೆ ನಲವತ್ತೆರಡು ಬೇಕು ಅಂತ ಆಡ್ಕೋತಿದ್ದಾನೆ' ಅಂದ್ಕೊಂಡಳು. ದಾರಿಯುದ್ದಕ್ಕೂ ಕಣ್ಣಲ್ಲಿ ನೀರು. ಮೊಟ್ಟೆಗೋಸ್ಕರ ಅಂತ ತನಗೆ ತಾನೇ ಹೇಳ್ಕೊಂಡಳು. ಎಲ್ಲಾ ನೀರೂ ಮೊಟ್ಟೆದಲ್ಲ ಅಂತ ಅವಳಿಗೂ ಗೊತ್ತಿತ್ತು.

ಇಂಟರ್‌ವಲ್.

ಆರಿಸಿಬಿಡ್ಬೇಕು ಅಂತಲೇ ಮನೆಗೆ ಬಂದಳು. ಪ್ಲಗ್ ಮೇಲೆ ಕೈ ಇಟ್ಟಳು. ಆದ್ರೆ ಡಿಗ್ರಿ ನೋಡಿದ್ರೆ ಮೂವತ್ತೇಳೂವರೆ, ಒಂದು ಕೂದಲೆಳೆ ಆಚೀಚೆ ಇಲ್ಲ. ಕಾವು ಸರಿಯಾಗೇ ಇದೆ. ತಪ್ಪಿರೋದು ಟೈಮ್ ಮಾತ್ರ.

ಕೈ ತೆಗೆದಳು.

ಅವತ್ತಿಂದ ಒಂದು ಪದ್ಧತಿ ಶುರುವಾಯ್ತು. ನಾಲ್ಕು ಗಂಟೆಗೊಮ್ಮೆ ಅವನ ಮೋಟರ್ ತಟ್ಟೆ ತಿರುಗಿಸ್ತಿತ್ತು. ಮಧ್ಯದಲ್ಲಿ ಎರಡು ಗಂಟೆಗೆ ಅವಳು ಕೈಯಲ್ಲಿ ತಿರುಗಿಸ್ತಿದ್ದಳು. ಅವನದೊಂದು, ಇವಳದೊಂದು. ಅವನದೊಂದು, ಇವಳದೊಂದು.

ಹಗಲೆಲ್ಲ ಒಬ್ಬ ಮನುಷ್ಯನ ಮೇಲೆ ಕೋಪ ಮಾಡ್ಕೊಂಡು, ಅವನ ಜೊತೆ ಪಾಳಿ ಹಂಚ್ಕೊಂಡು ಅರವತ್ತು ಜೀವ ಸಾಕೋದು ಇದೆಯಲ್ಲ... ಅದು ಬಲು ಕಷ್ಟ. ಮೋಟರ್ 'ಗುರ್ರ್' ಅಂದಾಗಲೆಲ್ಲ ಅವಳು "ಗೊತ್ತು, ಗೊತ್ತು, ನಿಂದಾಯ್ತು" ಅಂತಿದ್ದಳು. ಹತ್ತನೇ ದಿನದ ಹೊತ್ತಿಗೆ "ಊಟ ಆಯ್ತಾ?" ಅಂತಲೂ ಕೇಳ್ತಿದ್ದಳು. ಮೋಟರನ್ನ.

"ಅಕ್ಕಾ, ಯಾರ ಜೊತೆ ಮಾತು?" ಅಂತ ಪಾರ್ಲರ್ ಬಾಗಿಲಿಂದ ಇಣುಕಿದ್ರೆ, "ಮೊಟ್ಟೆ ಜೊತೆ" ಅಂತಿದ್ದಳು.

ಇಪ್ಪತ್ತೊಂದನೇ ದಿನ ಮರಿ ಬಂದವು. ಮೂವತ್ತೆಂಟು.

ಅಪ್ಪ ಸೊಂಟದ ಬೀಗದ ಕೈ ಒಮ್ಮೆ ಮುಟ್ಕೊಂಡ್ರು, ಅಷ್ಟೇ. ಎರಡನೇ ಸುತ್ತಲ್ಲಿ ಅರವತ್ತಕ್ಕೆ ಐವತ್ತೆರಡು ಬರಬೇಕು. ಅಪ್ಪನ ಮೂವತ್ತು ವರ್ಷದಲ್ಲೇ ಐವತ್ತೆರಡು ಬಂದಿದ್ದು ಬೆರಳೆಣಿಕೆಯಷ್ಟು ಸಲ.

ಪೆಟ್ಟಿಗೆ ತೊಳೀಬೇಕಿತ್ತು. ತೊಳೆಯೋಕೆ ಆರಿಸ್ಬೇಕು. ಅವಳು ಡಬ್ಬಿಯನ್ನ ಪೆಟ್ಟಿಗೆಯಿಂದ ಬಿಡಿಸಿ, ಪ್ಲಗ್ ತೆಗೆಯದೆ, ಪಕ್ಕದ ಸ್ಟೂಲ್ ಮೇಲೆ ಮಲಗಿಸಿ, ಅದರ ಮೇಲೆ ಟವಲ್ ಹೊದಿಸಿ ಪೆಟ್ಟಿಗೆ ತೊಳೆದಳು.

"ಅದಕ್ಕೆ ಚಳಿ ಆಗುತ್ತಾ?" ಅಂದ್ರು ಅಪ್ಪ.

"ನೀರು ಬೀಳಬಾರದು ಅಂತ ಅಪ್ಪ."

"ಹೂಂ. ನೀರು."

ಅದೇ ದಿನ ಎರಡನೇ ಸುತ್ತಿನ ಅರವತ್ತು ಮೊಟ್ಟೆ ಇಟ್ಟಳು. ಈ ಸಲ ಒಂದು ಪಾಳಿ ತಪ್ಪಲಿಲ್ಲ. ಕೊನೇ ಮೂರು ದಿನ ಮೊಟ್ಟೆ ತಿರುಗಿಸಬಾರದು, ಅದಕ್ಕೆ ಮೋಟರಿನ ವೈರ್ ಮಾತ್ರ ಬಿಚ್ಚಿಟ್ಟಳು. ಬೋರ್ಡಿನ ಡಬ್ಬಿ ಮುಟ್ಟಲಿಲ್ಲ. ಆ ಮೂರು ದಿನ ಮೋಟರಿನ ಸದ್ದಿಲ್ಲದೆ ಮನೆ ಬಿಕೋ ಅಂತಿತ್ತು.

ಅಂಗಡಿ ಕಡೆಯಿಂದ ಒಂದು ಸುದ್ದಿ ಇಲ್ಲ. ಅವನು ಬರಲಿಲ್ಲ. 'ಬರಬೇಡಿ ಅಂದ್ರೆ ನಿಜವಾಗ್ಲೂ ಬರೋದೇ ಇಲ್ವಾ? ಎಂಥ ಮನುಷ್ಯ... ಹೇಳಿದ್ದನ್ನ ಹೇಳಿದಂಗೇ ಕೇಳೋನು...'

ನಲವತ್ತೆರಡನೇ ದಿನ.

ಬೆಳಗ್ಗೆಯಿಂದ ಚಿಪ್ಪು ಒಡೆಯೋ ಸದ್ದು. ಟಿಕ್, ಟಿಕ್. ಹತ್ತು ಗಂಟೆಗೆ ಮೂವತ್ತೊಂದು. ಹನ್ನೆರಡಕ್ಕೆ ನಲವತ್ನಾಲ್ಕು. ಮೂರು ಗಂಟೆಗೆ ನಲವತ್ತೊಂಬತ್ತು.

ಅಲ್ಲಿಗೆ ನಿಂತ್ಹೋಯ್ತು.

ಉಳಿದಿದ್ದು ಹನ್ನೊಂದು ಮೊಟ್ಟೆ. ಬೇಕಾಗಿದ್ದು ಮೂರು ಮರಿ. ಕಾವಕ್ಕ ಗಾಜಿಗೆ ಹಣೆ ಒತ್ತಿ ನಿಂತಿದ್ದಳು.

ಆಗ ಸ್ಕ್ರೀನ್ ಮಿಣಕ್ ಅಂತು.

'ದಿನ 20' ಅಂತಿದ್ದದ್ದು 'ದಿನ 21' ಆಯ್ತು. ಆಮೇಲೆ ಅದೂ ಅಳಿಸಿಹೋಯ್ತು. ಡಿಗ್ರಿನೂ ಅಳಿಸಿಹೋಯ್ತು. ಎರಡು ಸಾಲಲ್ಲಿ ಬೇರೆ ಅಕ್ಷರ ಬಂತು.

ಮುಚ್ಚಳ ತೆಗೀರಿ.
ಪ್ರಶ್ನೆ ನನ್ನದು.

ಅವಳು ಪಕ್ಕದ ಸ್ಟೂಲ್ ಎಳ್ಕೊಂಡು ಕೂತು ಆ ಎರಡು ಸಾಲು ಮತ್ತೆ ಓದಿದಳು.

ಇಪ್ಪತ್ತೊಂದನೇ ದಿನ ಬರಬೇಕಿದ್ದದ್ದು. ಮರಿ ಬರೋ ದಿನ. ಎದೆಬಡಿತ ಅರ್ಧ ಆಗಿದ್ರಿಂದ ನಲವತ್ತೆರಡಕ್ಕೆ ಬಂದಿದೆ. ಅದಕ್ಕೇ ಅವನು... ಆರಿಸಬೇಡಿ ಅಂದಿದ್ದು...

ನಾಲ್ಕೂ ಸ್ಕ್ರೂ ಬಿಚ್ಚಿದಳು. ಮುಚ್ಚಳದ ಒಳಮೈಗೆ ಅಂಟಿಸಿದ್ದ ಒಂದು ಚೀಟಿ. ಅದೇ ಅಂಗಡಿ ಚೀಟಿ, ಅದೇ ಐದು ಸಾಲು.

ಯಾವುದು, ಪೂರ್ತಿ ಹೆಸರು: ಕೌಂಟರ್ ಹಿಂದೆ ಕೂರೋ ಮನುಷ್ಯ. ಮೂವತ್ತೊಂದು ವರ್ಷ, ಒಂಟಿ ಮಾಡೆಲ್, ಇನ್ನೊಂದು ಪ್ರತಿ ಇಲ್ಲ.

ಎಷ್ಟು ವೋಲ್ಟ್, ಎಷ್ಟು ವೇಗ: ಮಾಮೂಲಾಗಿ ಎಪ್ಪತ್ತೆರಡು. ನೀವು ಮೆಟ್ಟಿಲು ಹತ್ತಿದ್ರೆ ನೂರು ದಾಟುತ್ತೆ.

ಏನಾಗಬೇಕು: ನೀವು ದಿನಾ ಬಂದು ನನ್ನ ಜೊತೆ ಜಗಳ ಆಡಬೇಕು. ಕೊನೇವರೆಗೂ.

ಏನಾಗ್ತಿದೆ: ಪ್ರೋಗ್ರಾಂ ಮುಗೀತು. ಇನ್ನು ನೀವು ಬರೋಕೆ ಕಾರಣ ಇಲ್ಲ.

ಏನೇನು ಮಾಡಿ ನೋಡಿದ್ರಿ: ಆಫ್ ಮಾಡಿ ಆನ್ ಮಾಡಿ ನೋಡಿದೆ. ಆಫ್ ಆಗ್ತಿಲ್ಲ.

ಅಕ್ಷರ ಮಂಜಾಯ್ತು. ಕಣ್ಣೊರೆಸ್ಕೊಂಡು ಚೀಟಿಯಿಂದ ತಲೆ ಎತ್ತಿದಾಗ ತೆರೆದಿದ್ದ ಡಬ್ಬಿಯೊಳಗೆ ಬೋರ್ಡು ಕಾಣಿಸ್ತು. ಬೆಳ್ಳಿ ಗುಳಿಗೆ ಕಾಣಿಸ್ತು. ಅಪ್ಪನ ಭೂತಗನ್ನಡಿ ತಗೊಂಡು ಬಗ್ಗಿದಳು.

ಎಂಟು.

ಇನ್ನೊಂದು ಸಲ ನೋಡಿದಳು. ಎಂಟು. ಮೂರನೇ ಸಲಾನೂ ಎಂಟು.

'ಅವನು ಹೇಳಿದ್ದೇ ಸರಿ. ಓದಿದ್ದು ನಾನೇ ತಪ್ಪು... ಅಷ್ಟು ಜನರ ಮುಂದೆ ಅವನನ್ನ... ನಲವತ್ತು ದಿನ...'

"ಅಪ್ಪಾ..." ಅಂದಳು. ಚೀಟಿ ಕಡೆ ನೋಡಿದಳು, ಉಳಿದ ಹನ್ನೊಂದು ಮೊಟ್ಟೆ ಕಡೆ ನೋಡಿದಳು.

ಅಪ್ಪ ಚೀಟಿ ಓದಲಿಲ್ಲ. ಮಗಳ ಮುಖ ಓದಿದ್ರು.

"ಹೋಗು."

"ಇನ್ನೂ ಮೂರು ಬರಬೇಕು ಅಪ್ಪ."

"ಮರಿ ನಿನ್ನ ಮುಖ ನೋಡ್ಕೊಂಡು ಹುಟ್ಟಲ್ಲ ಮಗಳೇ. ಅವನು ಕೂತಿರ್ತಾನೆ, ಹೋಗು. ಈ ಸಲನಾದ್ರೂ ಚಪ್ಪಲಿ ಹಾಕ್ಕೊಂಡು ಹೋಗು."

ಅಂಗಡಿ. ಅದೇ ಸಾಲು, ಅದೇ ಹೊಗೆ ವಾಸನೆ. ಅವನು ಅವತ್ತು ಏನೂ ರಿಪೇರಿ ಮಾಡ್ತಿರಲಿಲ್ಲ. ಬೆಳಗ್ಗೆಯಿಂದ ಕೌಂಟರ್ ಮೇಲೆ ಎರಡೂ ಕೈ ಇಟ್ಕೊಂಡು ಬಾಗಿಲನ್ನೇ ನೋಡ್ತಿದ್ದ ಅಂತ ಆಮೇಲೆ ರೇಡಿಯೋ ಮುದುಕಪ್ಪ ಹೇಳಿದ್ರು.

ಅವಳು ಸಾಲು ದಾಟಿ ಮುಂದೆ ಬಂದಳು. ಯಾರೂ ಗೊಣಗಲಿಲ್ಲ.

"ಎಂಟೇ," ಅಂದಳು. "ಈಗ ನೋಡ್ದೆ. ತಪ್ಪು ನಂದೇ. ಮೂರು ಸಲ ಓದಿ ಮೂರು ಸಲಾನೂ ತಪ್ಪು ಓದಿದ್ದೀನಿ."

"ಇಲ್ಲ. ತಪ್ಪು ನಂದು."

"ನೀವೇನು ಮಾಡಿದ್ರಿ?"

"ಅವತ್ತು ಭಾನುವಾರ ಬೋರ್ಡು ನನ್ನ ಕೈಲೇ ಇತ್ತು. ಹದಿನಾರಾ, ಎಂಟಾ ಅಂತ ಒಂದು ಸಲ ನೋಡಿದ್ರೆ ಮುಗೀತಿತ್ತು. ಊರಿಗೆಲ್ಲ ಯಾವುದು, ಯಾವುದು ಅಂತ ಕೇಳೋನು ಅವತ್ತು ನೋಡಲಿಲ್ಲ."

"ಯಾಕೆ?"

"ನಿಮ್ಮನ್ನ ನೋಡ್ತಿದ್ದೆ."

ರೇಡಿಯೋ ಮುದುಕಪ್ಪನ ಕೈಯಿಂದ ಕೆಪಾಸಿಟರ್ ಡಬ್ಬಿ ಬಿತ್ತು. ಯಾರೂ ಎತ್ತಲಿಲ್ಲ.

ಕಾವಕ್ಕ ಚೀಟಿ ಕೌಂಟರ್ ಮೇಲಿಟ್ಟಳು. ಅವನು ತುಂಬಿದ ಚೀಟಿ. ಕೊನೇ ಸಾಲಿನ ಕೆಳಗೆ ಅವಳು ದಾರಿಯಲ್ಲೇ, ಯಾವುದೋ ಗೋಡೆಗೆ ಒತ್ತಿ, ತಾನೇ ಗೆರೆ ಎಳೆದು ಒಂದು ಸಾಲು ಸೇರಿಸಿದ್ದಳು.

ಉತ್ತರ: ಹೂಂ.

ಅವನು ಓದಿದ. ಎಡಗೆನ್ನೆ ಗುಳಿ ಬಿತ್ತು. ಆದ್ರೆ ಕಣ್ಣಲ್ಲಿ ನೀರು.

"ಯಾವ ಹೂಂ?" ಅಂದ. "ಜಗಳಕ್ಕಾ? ಕೊನೇವರೆಗೂ ಅನ್ನೋದಕ್ಕಾ?"

"ಪೂರ್ತಿ ಹೆಸರು ಬೇಕಾ?"

"ಬೇಕು."

"ಎರಡಕ್ಕೂ ರೀ. ಪೂರ್ತಿ ಹೂಂ."

ಅಷ್ಟರಲ್ಲಿ ಅವಳ ಫೋನ್ ಹೊಡ್ಕೊಂತು. ಅಪ್ಪ. ಅವನೇ ಸ್ಪೀಕರ್ ಹಾಕಿದ.

"ಮಗಳೇ," ಅಂದ್ರು ಅಪ್ಪ. ಹಿಂದೆ ಚಿಂವ್ ಚಿಂವ್ ಸದ್ದು. "ಐವತ್ತಮೂರು."

ಅವಳು ಬಾಯಿ ಮೇಲೆ ಕೈ ಇಟ್ಕೊಂಡಳು.

"ಬೀಗದ ಕೈ ಮೊಳೆಗೆ ನೇತು ಹಾಕಿದ್ದೀನಿ. ಬರುವಾಗ ಆ ಹುಡುಗನ್ನೂ ಕರ್ಕೊಂಡು ಬಾ. ಮೋಟರ್ ವೈರ್ ಯಾರು ಸೇರಿಸ್ತಾರೆ?"

ಕಟ್. ಸ್ಲೋ ಮೋಶನ್. ಶುಭಂ.

...

ಸರಿ. ಈಗ ಕಾರ್ಡ್ ತೋರಿಸ್ತೀನಿ.

ಪಾರ್ಲರ್ ಅಂದ್ರೆ ನಾನೇ. ಅವಳ ಮನಸ್ಸಿನ ಮಾತೆಲ್ಲ ನನಗೆ ಗೊತ್ತಾಗಿದ್ದು ಅವಳ ಹುಬ್ಬು ತೀಡುವಾಗ. ದಾರ ಎಳೆಯೋ ನೋವಿಗೆ ಯಾರು ಬೇಕಾದ್ರೂ ಎಲ್ಲಾ ಕಕ್ಕಿಬಿಡ್ತಾರೆ.

ಮಾಸ್ಟರ್ ಪ್ಲ್ಯಾನ್ ಅಂದ್ನಲ್ಲ... ಪ್ಲ್ಯಾನೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ಅಕ್ಕ ಓದಿದ್ದು ಸರಿಯಾಗೇ ಇತ್ತು. ಹದಿನಾರೇ. ಶನಿವಾರ ಅವಳು ಸ್ನಾನಕ್ಕೆ ಹೋದಾಗ ಆ ಬೋರ್ಡು ಬೋಳು ಬೋಳಾಗಿ ಕಾಣ್ತಿದೆಯಲ್ಲ ಅಂತ ನಾನು ಅದರ ಮೂಲೇಲಿ ನೇಲ್ ಪಾಲಿಶಲ್ಲಿ ಒಂದು ಹೂವು ಬರೆದೆ. ಚೆನ್ನಾಗಿ ಬರಲಿಲ್ಲ. ಅಳಿಸೋಕೆ ರಿಮೂವರ್ ಸುರಿದೆ. ಅದು ಎಲ್ಲಾ ಕಡೆ ಹರೀತು. ಒಣಗಿದೆಯಾ ನೋಡೋಣ ಅಂತ ಕರೆಂಟ್ ಕೊಟ್ಟೆ. ಟುಸ್ ಅಂತು. ಹೊಗೆ ಬಂತು.

ಎರಡು ಬೀದಿ ಆಚೆ ಇರೋ ಇನ್ನೊಂದು ಅಂಗಡಿಗೆ ಓಡಿದೆ. "ಅಣ್ಣಾ, ಇಂಥದ್ದೇ ಒಂದು ಕೊಡಿ," ಅಂದೆ. ಅವನೂ ಕೇಳಿದ, "ಯಾವುದಮ್ಮಾ?" ಅಂತ.

ಹನ್ನೊಂದು ಕೆಂಪು ಗುರುತು ಹಿಡಿಯೋಳು ನಾನು. ಏನಂದೆ ಗೊತ್ತಾ?

"ನೀಲಿದು," ಅಂದೆ.

ಅವನು ಕೊಟ್ಟ ಎಂಟರ ಬೋರ್ಡನ್ನ ಸುಟ್ಟಿದ್ದರ ಜಾಗದಲ್ಲಿ ಇಟ್ಟು ಸುಮ್ಮನಾದೆ. ಮೂರನೇ ದಿನ ಅಕ್ಕ ಬರಿಗಾಲಲ್ಲಿ ಓಡಿದಾಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ನಲವತ್ತು ದಿನ ಬಾಗಿಲಿಂದ ಇಣುಕಿ ಇಣುಕಿ ನೋಡಿದೆ, ಅಷ್ಟೇ. ಆ ಮೊದಲ ಸುತ್ತಲ್ಲಿ ಹುಟ್ಟದೆ ಹೋದ ಇಪ್ಪತ್ತೆರಡು ಮರಿ ಇದೆಯಲ್ಲ, ಅದು ಈಗಲೂ ನನ್ನ ಎದೆ ಮೇಲಿದೆ. ಜೋಕ್ ಮಾಡ್ತಿಲ್ಲ.

ಅವರಿಬ್ಬರೂ ಇವತ್ತಿಗೂ ತಪ್ಪು ನಂದು, ಇಲ್ಲ ನಂದು ಅಂತ ಜಗಳ ಆಡ್ತಾರೆ. ಅಕ್ಕ ಮಲಗೋ ಮುಂಚೆ ದಿನಾ ನಾನು ಇದನ್ನ ಹಾಕ್ತಿರೋ ಈ ಕಥೆ ಆ್ಯಪಲ್ಲೇ ಒಂದು ಕಥೆ ಓದ್ತಾಳೆ.

ಅಕ್ಕಾ, ಓದ್ತಿದ್ದೀಯಲ್ಲ? ತಪ್ಪು ನಂದು. ಪೂರ್ತಿ ಹೆಸರು: ನಂದೇ.